ಪ್ರೌಢಶಾಲೆಗಳಲ್ಲಿ ವಿನ್ಯಾಸಶಿಕ್ಷಣ

ಇಂದು ‘ಗ್ರಾಫಿಕ್ ಡಿಸೈನ್’ ಎಂಬ ಹೆಸರಿನಿಂದ ಶಾಲೆಗಳಲ್ಲಿ ಬೋಧಿಸಲ್ಪಡುವ ವಿಷಯವು, ಎಂದರೆ ಅಕ್ಷರ ಆಕೃತಿ ವರ್ಣಗಳನ್ನು ಒಂದು ಪ್ರಯೋಜನವನ್ನುದ್ದೇಶಿಸಿ ಹೊಂದಿಸುವ ವಿದ್ಯೆಯು, ತೀರ ನೂತನವಾದುದೆಂದು ತೋರುವುದು ಸಹಜ. ಹೆಸರೇನೋ ಹೊಸತೇ, ಅಮೆರಿಕದ ಪುಸ್ತಕವಿನ್ಯಾಸಕನಾದ ಡ್ವಿಗಿನ್ಸನು 1922ರಲ್ಲಿ ಅದನ್ನು ಬಳಸಿದುದು ಪ್ರಸಿದ್ಧವಾಗಿದೆ. ಆದರೆ ಶಿಕ್ಷಣದ ಮೂಲಕ ವಿನ್ಯಾಸಶಕ್ತಿಯನ್ನು ಉಂಟುಮಾಡಬೇಕೆಂಬ ಪ್ರಯತ್ನಕ್ಕೆ ಸುಮಾರು ಎರಡು ಶತಮಾನಗಳ ಚರಿತ್ರೆಯುಂಟು. ವಿದ್ಯಾರ್ಥಿಯು ಅನುಕರಣದಲ್ಲಿ ಪಳಗಿದ ಬಳಿಕವೇ ಸ್ವಂತ ಕಲ್ಪನೆಗೆ ಅಧಿಕಾರಿಯಾಗುವನೋ, ಇಲ್ಲವೆ ಮೊದಲ ದಿನದಿಂದಲೇ ಅಧಿಕಾರಿಯೋ ಎಂಬ ಪ್ರಶ್ನೆಯು ಆ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆದೋರುತ್ತದೆ.

ಈ ಪ್ರಯತ್ನಕ್ಕೆ ಮೂಲಕಾರಣವು ವ್ಯಾಪಾರದ ಭೀತಿ. ಫ್ರಾನ್ಸಿನ ರೇಷ್ಮೆ ಮೊದಲಾದ ಸರಕುಗಳ ಮುಂದೆ ಇಂಗ್ಲಿಷ್ ಸರಕುಗಳ ಚಿತ್ತಾರವು ಸಪ್ಪೆಯಾಗಿ ಕಾಣುತ್ತಿದ್ದುದರಿಂದ, 1835ರಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯು ವಿಲಿಯಂ ಯೂವರ್ಟನ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ 1837ರಲ್ಲಿ ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ಸರ್ಕಾರದ ವಿನ್ಯಾಸಶಾಲೆಯು ಸ್ಥಾಪಿತವಾಯಿತು. ಮನುಷ್ಯಾಕೃತಿಯನ್ನು ಬರೆಯಲು ಕಲಿತವರು ಕಾರ್ಖಾನೆಯನ್ನು ಬಿಟ್ಟು ಚಿತ್ರಕಾರರಾಗಿಬಿಟ್ಟಾರೆಂಬ ಶಂಕೆಯಿಂದ ಆ ಅಭ್ಯಾಸಕ್ಕೆ ಮೊದಮೊದಲು ಅಲ್ಲಿ ಎಡೆಯಿರಲಿಲ್ಲ. ವಿದ್ಯೆಯನ್ನು ಕೊಡುತ್ತಲೇ ಅದಕ್ಕೆ ಹೀಗೆ ಬೇಲಿ ಹಾಕಿದುದು ಗಮನಾರ್ಹವಾಗಿದೆ.

1851ರ ಮಹಾಪ್ರದರ್ಶನದ ತರುವಾಯ ಹೆನ್ರಿ ಕೋಲನ ಆಡಳಿತದಲ್ಲಿ ಈ ವ್ಯವಸ್ಥೆಯು ವಿಸ್ತಾರಗೊಂಡು, ಮುಂದೆ ಸೌತ್ ಕೆನ್ಸಿಂಗ್ಟನ್ ಪದ್ಧತಿಯೆಂದು ಹೆಸರಾಯಿತು. ಅದಕ್ಕೆ ರಿಚರ್ಡ್ ರೆಡ್‌ಗ್ರೇವನು ರಚಿಸಿದ ಪಾಠಕ್ರಮದಲ್ಲಿ 23 ಮೆಟ್ಟಿಲುಗಳಿದ್ದುವು. ಮೊದಲನೆಯದು ಉಪಕರಣಗಳಿಂದ ಜ್ಯಾಮಿತೀಯ ರೇಖೆಗಳನ್ನು ಎಳೆಯುವುದು; ಎರಡನೆಯದು ಮುದ್ರಿತ ಪ್ರತಿಯನ್ನು ನೋಡಿ ಬಾಹ್ಯರೇಖೆಯನ್ನು ಬರೆಯುವುದು. ವಿನ್ಯಾಸರಚನೆಯು ಬರುವುದು 22ನೆಯ ಮತ್ತು 23ನೆಯ ಮೆಟ್ಟಿಲುಗಳಲ್ಲಿ. ಶಾಲಾಬಾಲಕರಿಗೆ ಏರ್ಪಟ್ಟ ಕೆಳದರ್ಜೆಯ ಪರೀಕ್ಷೆಗಳಾದರೋ ಬಾಹ್ಯರೇಖೆ, ಜ್ಯಾಮಿತಿ, ಮಾದರಿವಸ್ತುಗಳ ಲೇಖನ ಇವುಗಳಲ್ಲಿಯೇ ಮುಗಿಯುತ್ತಿದ್ದುವು. ಪರೀಕ್ಷಾಫಲವನ್ನು ಅನುಸರಿಸಿ ಧನಸಹಾಯ ದೊರೆಯುತ್ತಿದ್ದುದರಿಂದ ಅಳೆಯಲು ಸುಲಭವಾದುದನ್ನೇ ಉಪಾಧ್ಯಾಯರು ಕಲಿಸಿದರು. ಅವರನ್ನು ದೂಷಿಸುವುದು ಸಲ್ಲದು. ಯಾವ ವಿನ್ಯಾಸಕ್ಕೋಸ್ಕರ ಇಷ್ಟೆಲ್ಲವೂ ಹುಟ್ಟಿತೋ ಅದರ ಬಾಗಿಲನ್ನು ಶಾಲಾಬಾಲಕನು ತಟ್ಟುವ ಸಂಭವವೇ ವಿರಳವಾಯಿತು.

ಸಾಹಿತ್ಯೋಪಾಧ್ಯಾಯರಿಗೆ ಈ ಪ್ರಸಂಗವು ಬೇರೊಂದು ದಾರಿಯಿಂದ ಪರಿಚಿತವಾಗಿರಬಹುದು. ಡಿಕನ್ಸನ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ (1854) ಶಾಲೆಗೆ ಬಂದ ಅಧಿಕಾರಿಯೊಬ್ಬನು, ಹೂವುಗಳ ಚಿತ್ರವಿರುವ ಜಮಖಾನವನ್ನು ಹಾಸುವಿರಾ ಎಂದು ಮಕ್ಕಳನ್ನು ಕೇಳುತ್ತಾನೆ. ಹೂವೆಂದರೆ ತನಗೆ ಇಷ್ಟವಾದ ಕಾರಣ ಹಾಸುವೆನೆಂದು ಸಿಸಿ ಎಂಬ ಹುಡುಗಿ ಉತ್ತರವಿತ್ತು ಛೀಮಾರಿಗೆ ಗುರಿಯಾಗುತ್ತಾಳೆ. ಈ ಅಧಿಕಾರಿಯು ಕೋಲನ ವಿಡಂಬನಚಿತ್ರವೆಂದು ವಿಮರ್ಶಕರು ಗುರುತಿಸಿರುವರು. ಚಪ್ಪಟೆಯಾದ ನೆಲಕ್ಕೆ ಚಪ್ಪಟೆಯಾದ ಚಿತ್ತಾರವೇ ಒಪ್ಪುವುದೆಂಬ ಕೋಲನ ಪಕ್ಷದವರ ತತ್ತ್ವದಲ್ಲಿ ಹುರುಳಿಲ್ಲದಿಲ್ಲ. ಡಿಕನ್ಸನು ಆ ಮಟ್ಟಿಗೆ ಅನ್ಯಾಯವನ್ನೇ ಮಾಡಿದನೆನ್ನಬೇಕು. ಆದರೆ ಮಗುವಿನ ಇಷ್ಟಕ್ಕೆ ಪಾಠದಲ್ಲಿ ಸ್ಥಾನವಿಲ್ಲವೆಂಬುದನ್ನು ಅವನು ಸರಿಯಾಗಿಯೇ ಕಂಡಿದ್ದನು.

ಆ ತತ್ತ್ವಕ್ಕೆ ಆಧಾರವಾದ ಉದಾಹರಣೆಗಳಲ್ಲಿ ಭರತಖಂಡದ ವಸ್ತ್ರಗಳು ಮುಖ್ಯವಾದುವು. 1851ರ ಪ್ರದರ್ಶನದಲ್ಲಿ ಅವುಗಳನ್ನು ಕಂಡು ಬೆರಗಾದ ಓವೆನ್ ಜೋನ್ಸನು 1856ರ ತನ್ನ ‘ಗ್ರಾಮರ್ ಆಫ್ ಆರ್ನಮೆಂಟ್’ ಗ್ರಂಥದಲ್ಲಿ ಅವುಗಳಿಗೆ ಗೌರವದ ಸ್ಥಾನವನ್ನಿತ್ತನು. ಹೀಗೆ ಇಲ್ಲಿಂದ ಮಾದರಿಗಳು ಅಲ್ಲಿಗೆ ಹೋದುವು. ಅಲ್ಲಿಂದ ಮೆಟ್ಟಿಲುಗಳ ಪಾಠಕ್ರಮವು ಇಲ್ಲಿಗೆ ಬಂದಿತು. ಜಮ್ಸೇಟ್‌ಜಿ ಜೀಜೀಭಾಯಿಯವರ ದಾನದಿಂದ ಬೊಂಬಾಯಿಯಲ್ಲಿ 1857ರಲ್ಲಿ ಆರಂಭವಾದ ಕಲಾಶಾಲೆಯು ಸೌತ್ ಕೆನ್ಸಿಂಗ್ಟನ್ ಪದ್ಧತಿಯನ್ನು ಹಿಡಿಯಿತು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಲೇಖನದ ದರ್ಜೆಪರೀಕ್ಷೆಗಳು ಆ ಪ್ರಾಂತದ ಪ್ರೌಢಶಾಲೆಗಳಲ್ಲಿ ಬೇರೂರಿದುವು. ಧಾರವಾಡ, ಬೆಳಗಾವಿ ಜಿಲ್ಲೆಗಳು 1956ರವರೆಗೆ ಬೊಂಬಾಯಿಯ ಆಡಳಿತಕ್ಕೇ ಸೇರಿದ್ದುವು. ಕರ್ನಾಟಕದಲ್ಲಿ ಲೋಯರ್, ಹೈಯರ್ ಎಂಬ ದರ್ಜೆಪರೀಕ್ಷೆಗಳು ತರುವಾಯವೂ ನಡೆದುಬಂದಿವೆ. ಮಹಾರಾಷ್ಟ್ರದ ಎಲಿಮೆಂಟರಿ ಪರೀಕ್ಷೆಯಲ್ಲಿ ಜ್ಯಾಮಿತಿಗೂ ಅಕ್ಷರಲೇಖನಕ್ಕೂ ಒಂದೇ ಪ್ರಶ್ನಪತ್ರಿಕೆಯಿರುವುದು ಅರ್ಥವತ್ತಾಗಿದೆ. ಚೌಕದ ಮನೆಗಳಲ್ಲಿ ಕೂಡಿಸಿ ಬರೆಯುವ ಕ್ರಮವು ರೋಮನ್ ದೊಡ್ಡಕ್ಷರಗಳಿಗೆ ಹೊಂದುವಂತೆ ಕನ್ನಡದ ಅಕ್ಷರಗಳಿಗೆ ಹೊಂದಲಾರದು. ಕನ್ನಡದ ದುಂಡು, ಮೇಲಿನ ತಲೆಕಟ್ಟು, ಸಾಲಿನ ಕೆಳಗಿಳಿಯುವ ಒತ್ತಕ್ಷರ ಇವು ಚೌಕದ ಅಂಕೆಗೆ ಸಿಕ್ಕುವುವಲ್ಲ. ಸಿಕ್ಕಿಸಿದರೆ ಅಕ್ಷರದ ಜೀವವೇ ಕುಗ್ಗುವುದು.

ಇಂಗ್ಲೆಂಡಿನಲ್ಲಿಯೇ ಈ ಕ್ರಮವನ್ನು ಬುಡಮೇಲು ಮಾಡಿದವರಲ್ಲಿ ಮೇರಿಯನ್ ರಿಚರ್ಡ್‌ಸನ್ ಎಂಬ ಉಪಾಧ್ಯಾಯಿನಿಯು ಸ್ಮರಣೀಯಳು. ಆಕೆಯು 1912ರಲ್ಲಿ ಡಡ್ಲಿ ಎಂಬ ಕೈಗಾರಿಕೆಯ ಪಟ್ಟಣದ ಬಾಲಿಕಾ ಪ್ರೌಢಶಾಲೆಯನ್ನು ಸೇರಿದಳು. ಹುಡುಗಿಯರು ಕಣ್ಣು ಮುಚ್ಚಿ ಕುಳಿತಿರಲು ಆಕೆಯು ಒಂದು ದೃಶ್ಯವನ್ನು ಬಾಯಿಂದ ವರ್ಣಿಸುವಳು. ಅವರು ಮನಸ್ಸಿನಲ್ಲಿ ಕಂಡುದನ್ನು ಬರೆಯುವರು. ಮುಂದಿಡಲು ಪ್ರತಿಯಿಲ್ಲದಿದ್ದಲ್ಲಿ ನಕಲಿಗೆ ಅವಕಾಶವೆಲ್ಲಿ? ಆ ಚಿತ್ರಗಳನ್ನು ರೋಜರ್ ಫ್ರೈ 1917ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಚಿತ್ತಾರವನ್ನೂ ಕೈಬರಹವನ್ನೂ ಆಕೆಯು ಒಂದೇ ಚಲನೆಯ ಎರಡು ರೂಪಗಳೆಂದು ಭಾವಿಸಿ, ಬರವಣಿಗೆಯ ಗೆರೆಗಳಿಂದಲೇ ಅಲಂಕಾರವನ್ನು ಹೊರಡಿಸುವ ಪಾಠಗಳನ್ನು 1935ರಲ್ಲಿ ಪ್ರಕಟಿಸಿದಳು. ರೆಡ್‌ಗ್ರೇವನ 22ನೆಯ ಮೆಟ್ಟಿಲು ಇಲ್ಲಿ ಮೊದಲನೆಯದಾಯಿತು.

ಭಾರತದಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಧಾರದ ಮೇಲೆ ಎನ್.ಸಿ.ಇ.ಆರ್.ಟಿ. ಸಂಸ್ಥೆಯು 11 ಮತ್ತು 12ನೆಯ ತರಗತಿಗಳಿಗೆ ಗ್ರಾಫಿಕ್ ಡಿಸೈನಿನ ಪಠ್ಯಪುಸ್ತಕಗಳನ್ನು ಹೊರತಂದಿತು. 11ನೆಯ ತರಗತಿಯ ಪುಸ್ತಕವು ದೇಶೀಯ ವಿನ್ಯಾಸಪರಂಪರೆಯನ್ನೂ ಭಾರತೀಯ ಲಿಪಿಗಳ ವಿಕಾಸವನ್ನೂ ಪಾಠವಾಗಿ ಸ್ವೀಕರಿಸಿದೆ. ಬ್ರಾಹ್ಮಿಯಿಂದ ಕನ್ನಡಕ್ಕೆ ಇಳಿದುಬಂದ ಅಕ್ಷರದ ಬಾಗುಬಳುಕುಗಳನ್ನು ಶಾಸನಪಾಠದಲ್ಲಿ ವಿವರಿಸುವ ಭಾಷೋಪಾಧ್ಯಾಯರಿಗೂ ಚಿತ್ರೋಪಾಧ್ಯಾಯರಿಗೂ ಇಲ್ಲಿ ಒಂದೇ ಹಲಗೆಯ ಮುಂದೆ ನಿಲ್ಲುವ ಸಂದರ್ಭವೊದಗಿದೆ.