ನೇರ ದಾರಿಯ ರಿಯಾಯಿತಿ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ನಾಂದಣಿಗೆ ರೈಲು ಇಲ್ಲ. ಮೀರಜಿನಿಂದ ಕೊಲ್ಹಾಪುರದವರೆಗೆ 1891ರಲ್ಲಿ ಸಂಚಾರಕ್ಕೆ ತೆರೆದ ಲೋಹಮಾರ್ಗವು ಈ ಗ್ರಾಮವನ್ನು ಬದಿಗಿರಿಸಿ ಸಾಗಿತು. ಮುಂದೆ ರಾಜರ್ಷಿ ಶಾಹು ಮಹಾರಾಜರು ತಮ್ಮ ಜನಕರಾದ ಜಯಸಿಂಗರಾವ ಘಾಟಗೆಯವರ ಹೆಸರಿನಲ್ಲಿ ನೆಲೆಗೊಳಿಸಿದ ಜಯಸಿಂಗಪುರವೇ ಇಲ್ಲಿಯವರ ನಿಲ್ದಾಣವಾಯಿತು. ಹಾಗೆಂದು ನಾಂದಣಿಯವರು ಪ್ರಯಾಣಕ್ಕೆ ಹಿಂಜರಿದವರಲ್ಲ. ಜಿನಸೇನ ಭಟ್ಟಾರಕರ ಜೈನ ಪೀಠವಿರುವ ಊರಿನಲ್ಲಿ ಹುಟ್ಟಿ, ಶ್ರವಣಬೆಳಗೊಳ ಹಾಗೂ ಸಮ್ಮೇದ ಶಿಖರಗಳ ವಾರ್ತೆಯನ್ನು ಕೇಳುತ್ತಲೇ ಬೆಳೆದು, ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಸಂಬಳಕ್ಕೆ ಸೇರಿದ ಗೃಹಸ್ಥನು ರಜೆ ದೊರೆತೊಡನೆ ಮೊದಲು ಊರಿಗೆ, ಊರಿನಿಂದ ತೀರ್ಥಕ್ಕೆ, ತೀರ್ಥದಿಂದ ಬಂಧುಗಳ ಮನೆಗೆ ಎಂದು ಸುತ್ತಿ ಬಳಸಿ ಹೋಗುವುದು ಸಹಜವೇ ಆಗಿರುವುದು. ಆದರೆ ಈ ಪ್ರವಾಸದ ವೆಚ್ಚಕ್ಕೆ ಕರವಿನಾಯಿತಿ ಕೊಡುವ ಶಾಸನವು ಸುತ್ತುದಾರಿಯನ್ನು ಎಂದಿಗೂ ಮೆಚ್ಚಿದುದಿಲ್ಲ.

ನೌಕರನು ಊರಿಗೆ ಹೋಗಿ ಬರಲು ಒಡೆಯನೇ ದಾರಿವೆಚ್ಚ ಕೊಡುವ ಪದ್ಧತಿಯು ನಮ್ಮಲ್ಲಿ ಹಡಗಿನಿಂದ ಇಳಿದು ಬಂದುದು. ಉನ್ನತ ನಾಗರಿಕ ಸೇವೆಗಳ ವಿಚಾರಕ್ಕಾಗಿ ನೇಮಕವಾದ ಲೀ ಆಯೋಗವು 1924ರಲ್ಲಿ ಮಾಡಿದ ಶಿಫಾರಸಿನಂತೆ, ಏಷ್ಯೇತರ ಮೂಲದ ಅಧಿಕಾರಿಗೆ ಸೇವಾವಧಿಯಲ್ಲಿ ನಾಲ್ಕು ಬಾರಿ ಸ್ವದೇಶಕ್ಕೆ ಹೋಗಿ ಬರುವ ಹಡಗಿನ ಪ್ರಯಾಣವೂ, ಪತ್ನಿಗೆ ಅಷ್ಟೇ ಪ್ರಯಾಣಗಳೂ, ಪ್ರತಿಯೊಂದು ಮಗುವಿಗೆ ಹೋಗುವ ಪ್ರಯಾಣ ಒಂದು ಮಾತ್ರವೂ ದೊರೆಯತಕ್ಕದ್ದಾಗಿದ್ದಿತು. ವಿಲಾಯತಿಯ ಶಾಲೆಗೆ ಸೇರಿದ ಮಗು ಮರಳಿ ಬರುವುದು ವಿರಳವೆಂದು ಆಯೋಗದ ಲೆಕ್ಕಿಗರು ಎಣಿಸಿದ್ದಿರಬೇಕು. ಜಯಸಿಂಗಪುರದಲ್ಲಿ ರೈಲು ಹತ್ತುವ ಕಾರಕೂನನಿಗೆ ಇದರಲ್ಲಿ ಪಾಲಿರಲಿಲ್ಲ. ಸ್ವಾತಂತ್ರ್ಯಾನಂತರ, 1956ರಲ್ಲಿ, ಕೇಂದ್ರ ಸರಕಾರವು ತನ್ನ ನೌಕರರಿಗೆ ರಜಾ ಪ್ರಯಾಣದ ರಿಯಾಯಿತಿಯನ್ನು ಏರ್ಪಡಿಸಿತು. ಎರಡು ವರ್ಷಗಳಿಗೊಮ್ಮೆ ಸ್ವಗ್ರಾಮಕ್ಕೆ, ನಾಲ್ಕು ವರ್ಷಗಳಿಗೊಮ್ಮೆ ದೇಶದ ಯಾವ ಭಾಗಕ್ಕಾದರೂ ಎಂಬ ಕ್ರಮವು ಕಾಲಕ್ರಮದಲ್ಲಿ ನೆಲೆಗೊಂಡಿತು.

ಒಡೆಯನು ಕೊಟ್ಟ ಹಣವು ವೇತನದೊಡನೆ ಸೇರಿ ತೆರಿಗೆಗೆ ಒಳಗಾಗದಂತೆ 1961ರ ಆದಾಯ ತೆರಿಗೆ ಅಧಿನಿಯಮದ 10ನೆಯ ಪ್ರಕರಣದ 5ನೆಯ ಖಂಡವೂ, ಅದಕ್ಕೆ ಹೊಂದಿದ 2ಬಿ ನಿಯಮವೂ ಕಾಯ್ದವು. ನಿಯಮದ ಸಾರವಿಷ್ಟು: 1986ರಿಂದ ಎಣಿಸಿದ ನಾಲ್ಕು ನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಪ್ರಯಾಣ; ಒಂದು ಉಳಿದರೆ ಮುಂದಿನ ಅವಧಿಯ ಮೊದಲ ವರ್ಷದೊಳಗೆ ಮುಗಿಸತಕ್ಕದ್ದು. ವರ್ಷವೆಂದರೆ ಇಲ್ಲಿ ಜನವರಿಯಿಂದ ಡಿಸೆಂಬರಿನವರೆಗಿನದು. ಏಪ್ರಿಲಿನಿಂದ ಮಾರ್ಚಿಗೆ ಎಣಿಸಿ ಅವಕಾಶ ಕಳೆದುಕೊಂಡವರು ಪ್ರತಿ ಕಚೇರಿಯಲ್ಲಿಯೂ ಸಿಗುತ್ತಾರೆ. ಸಲ್ಲುವುದು ಪ್ರಯಾಣದರ ಮಾತ್ರ, ಅದೂ ಅತ್ಯಂತ ಹತ್ತಿರದ ಮಾರ್ಗದ್ದು: ವಿಮಾನವಾದರೆ ಇಕಾನಮಿ ದರ, ರೈಲು ಸಂಪರ್ಕವಿದ್ದಲ್ಲಿ ಹವಾನಿಯಂತ್ರಿತ ಪ್ರಥಮ ದರ್ಜೆಯ ದರ, ಇವುಗಳನ್ನು ಮೀರುವಂತಿಲ್ಲ.

ನಮ್ಮ ನಾಂದಣಿಯ ಗೃಹಸ್ಥನು ಪತ್ನಿ ಮತ್ತು ಇಬ್ಬರು ಮಕ್ಕಳೊಡನೆ ಬೆಂಗಳೂರಿನಿಂದ ಮೀರಜಿಗೆ ಬಂದು, ಊರಿನಲ್ಲಿ ಎರಡು ದಿನ ನಿಂತು, ವೃದ್ಧ ತಾಯಿಯನ್ನು ಕರೆದುಕೊಂಡು ಮುಂಬಯಿ ಮಾರ್ಗವಾಗಿ ಪಾರಸನಾಥ ನಿಲ್ದಾಣದಲ್ಲಿಳಿದು, ಸಮ್ಮೇದ ಶಿಖರಜಿಯ ದರ್ಶನವಾದ ಮೇಲೆ ಕಾಶಿಯನ್ನೂ ನೋಡಿ ಬೆಂಗಳೂರಿಗೆ ಹಿಂದಿರುಗುವನೆನ್ನೋಣ. ಕರಾಧಿಕಾರಿಯ ದೃಷ್ಟಿಯಲ್ಲಿ ಈ ಸುತ್ತಾಟವೆಲ್ಲ ಬೆಂಗಳೂರಿನಿಂದ ಅತಿ ದೂರದ ತಾಣಕ್ಕೆ ಎಳೆದ ಒಂದೇ ಗೆರೆ. ತಾಯಿ ಮಗನ ಆಶ್ರಯದಲ್ಲಿದ್ದರೆ ಅವಳ ದರವೂ ಸಲ್ಲುವುದು. ಆದರೆ ಮಗನು ರಜೆ ಹಾಕದೆ ಅವಳನ್ನು ಮಾತ್ರ ಕಳುಹಿಸಿದರೆ ಸಲ್ಲದು. ಧರ್ಮಶಾಲೆಯ ಬಾಡಿಗೆ, ಊಟ, ಬೆಟ್ಟದ ಇಪ್ಪತ್ತೇಳು ಕಿಲೋಮೀಟರಿನ ವಂದನೆಗೆ ತಾಯಿಯನ್ನು ಹೊತ್ತ ಡೋಲಿಯವರ ಕೂಲಿ, ಇವೊಂದೂ ಲೆಕ್ಕಕ್ಕೆ ಬರುವುದಿಲ್ಲ. ರೈಲಿಲ್ಲದ ತುಂಡಿನ ವಿಷಯದಲ್ಲಿ ಮಾತ್ರ ನಿಯಮಕ್ಕೆ ಕವಿಯ ಕಲ್ಪನಾಶಕ್ತಿಯುಂಟು. ಮಾನ್ಯವಾದ ಸಾರ್ವಜನಿಕ ವಾಹನವಿದ್ದರೆ ಅದರ ಉತ್ತಮ ದರ್ಜೆಯ ದರವನ್ನು ಕೊಡುವುದು (ನಾಂದಣಿಗೆ ಎಸ್.ಟಿ. ಬಸ್ಸು ಇರುವುದಷ್ಟೆ); ಅದೂ ಇಲ್ಲದೆಡೆ, ಹಾಸದ ಹಳಿಯ ಮೇಲೆ ಓಡದ ರೈಲಿನ ಹವಾನಿಯಂತ್ರಿತ ಪ್ರಥಮ ದರ್ಜೆಯಲ್ಲಿ ನೀವು ಕುಳಿತು ಬಂದಿರೆಂದು ಭಾವಿಸಿ ದೂರಕ್ಕೆ ತಕ್ಕ ದರವನ್ನು ಒಪ್ಪುವುದು.

ಸುತ್ತುದಾರಿಯ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದುದು ಸ್ಟೇಟ್ ಬ್ಯಾಂಕಿನ ಮೊಕದ್ದಮೆಯಲ್ಲಿ. ಬ್ಯಾಂಕಿನ ನೌಕರರು ದೆಹಲಿಯಿಂದ ಮದುರೆಗೆ ಹೋಗುವ ನೆಪದಲ್ಲಿ ಕೊಲಂಬೊ, ಕೌಲಾಲಂಪುರ, ಸಿಂಗಪುರಗಳನ್ನೂ ಮುಟ್ಟಿ ಬಂದಿದ್ದರು; ತಲಪಿದ ತಾಣವು ಭಾರತದ್ದೇ ಆದುದರಿಂದ ವಿನಾಯಿತಿ ಸಲ್ಲಬೇಕೆಂಬ ವಾದ ಹುಟ್ಟಿದ್ದಿತು. ರಿಯಾಯಿತಿಯು ಭಾರತದೊಳಗಿನ ಪ್ರಯಾಣಕ್ಕೆ, ಅದೂ ಸಮೀಪದ ಮಾರ್ಗಕ್ಕೆ ಮಾತ್ರ ಎಂದೂ, ಬ್ಯಾಂಕು ಮೂಲದಲ್ಲಿಯೇ ತೆರಿಗೆಯನ್ನು ಕಡಿತ ಮಾಡಬೇಕಾಗಿದ್ದಿತೆಂದೂ 2022ರ ನವೆಂಬರ್ 4ರಂದು ನ್ಯಾಯಾಲಯವು ನಿರ್ಣಯಿಸಿತು. ನೌಕರನು ಈ ವಿಶಾಲ ದೇಶದ ಸಂಸ್ಕೃತಿಯನ್ನು ಕಂಡರಿಯಲಿ ಎಂಬುದೇ ಸವಲತ್ತಿನ ಉದ್ದೇಶವೆಂದು ಅದು ನೆನಪಿಸಿತು. ತೀರ್ಪು ನ್ಯಾಯವಾದುದೆಂದೇ ನಮ್ಮ ಮತ. ಆದರೆ ದೇಶವನ್ನು ಕಾಣಬೇಕೆನ್ನುವವನಿಗೆ ಅತ್ಯಂತ ಹತ್ತಿರದ ದಾರಿಯೇ ಯೋಗ್ಯವಾದ ದಾರಿಯೆಂದು ಮಾತ್ರ ಒಪ್ಪುವುದು ಕಷ್ಟ.

ಈ ಕಟ್ಟುನಿಟ್ಟಿನ ಶಾಸನವೇ ಒಮ್ಮೆ ಪ್ರಯಾಣವನ್ನೇ ಬಿಟ್ಟುಕೊಟ್ಟುದುಂಟು. ಕೋವಿಡ್ಡಿನ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ಟಿಕೆಟ್ಟಿನ ಬದಲು ಪ್ರಯಾಣದರದ ಮೂರು ಪಟ್ಟು ಹಣವನ್ನು ಶೇಕಡಾ 12 ಅಥವಾ ಹೆಚ್ಚಿನ ಜಿ.ಎಸ್.ಟಿ. ಇರುವ ಸರಕು ಸೇವೆಗಳಿಗೆ ಡಿಜಿಟಲ್ ಪಾವತಿಯಿಂದ ವೆಚ್ಚ ಮಾಡಿದವನಿಗೆ ತಲೆಗೆ 36,000 ರೂಪಾಯಿಯವರೆಗೆ ವಿನಾಯಿತಿ ದೊರೆಯಿತು; ಮನೆಗೆ ಶೀತಕಪೆಟ್ಟಿಗೆ ತಂದವನು ಶಿಖರಜಿಗೆ ಹೋಗಿ ಬಂದವನಿಗೆ ಸಮನಾದನು. ಈಗ ಹೊಸ ತೆರಿಗೆ ಪದ್ಧತಿಯನ್ನು ಹಿಡಿದವರಿಗೆ ಈ ವಿನಾಯಿತಿಯೇ ಇಲ್ಲ. 2023ರ ಏಪ್ರಿಲಿನಿಂದ ಅದೇ ಸಾಮಾನ್ಯ ಪದ್ಧತಿಯಾಗಿರುವುದರಿಂದ, ಬಾಯಿಬಿಟ್ಟು ಹಳೆಯ ಪದ್ಧತಿಯನ್ನು ಕೇಳಿ ಪಡೆದವನು ಮಾತ್ರ ನಿಗದಿತ ನಮೂನೆಗೆ ಟಿಕೆಟ್ಟುಗಳನ್ನು ಲಗತ್ತಿಸಿ ಕಚೇರಿಯ ಲೆಕ್ಕಪತ್ರದವರಿಗೆ ಒಪ್ಪಿಸುತ್ತಾನೆ.