ಸ್ಲಾಟ್ ಇದ್ದದ್ದು, ಸ್ಲಾಟ್ ಇಲ್ಲದ್ದು: 2012ರ ಎರಡು ಲ್ಯಾಪ್‌ಟಾಪ್‌ಗಳ ಕಥೆ

ಭಾಗ 1

ಮೊದಲ ಫೋಟೋದಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರೋದು ನಮ್ ಚಿಕ್ಕಪ್ಪನ ಮ್ಯಾಕ್‌ಬುಕ್ ಪ್ರೊ. 13 ಇಂಚು, 2012ರ ಮಾಡೆಲ್. ದಾವಣಗೆರೆಯಲ್ಲಿ ಅವರದು ಫೋಟೋ ಸ್ಟುಡಿಯೋ. ಮದುವೆ ಆಲ್ಬಂಗಳೆಲ್ಲ ಇವತ್ತಿಗೂ ಇದರಲ್ಲೇ ಡಿಸೈನ್ ಆಗೋದು. ಮಧ್ಯದಲ್ಲಿ ಒಂದರ ಮೇಲೊಂದು ಕೂತಿರೋ ಪಟ್ಟಿಗಳು ಕಾಣ್ತಾವಲ್ಲ, ಅವೇ ರ‍್ಯಾಮ್. ಇವತ್ತಿನ ಕಥೆಗೆಲ್ಲ ಕಾರಣ ಆ ಎರಡು ಪಟ್ಟಿ.

ನಾನು ಎರಡು ವಾರದಿಂದ ಎರಡು ಲ್ಯಾಪ್‌ಟಾಪ್ ಮಧ್ಯೆ ಸಿಕ್ಕಿಹಾಕ್ಕೊಂಡಿದೀನಿ. ಎರಡರಲ್ಲೂ 8 ಜಿಬಿ ರ‍್ಯಾಮ್, ರೇಟ್ ಹೆಚ್ಚುಕಮ್ಮಿ ಒಂದೇ. ಒಂದು ತೆಳ್ಳಗೆ, 1.2 ಕೆಜಿ, ಸ್ಕ್ರೀನ್ ಸಖತ್ತಾಗಿದೆ, ಆದ್ರೆ ರ‍್ಯಾಮನ್ನ ಬೋರ್ಡಿಗೇ ಬೆಸೆದುಬಿಟ್ಟಿದಾರೆ. ಇನ್ನೊಂದು 1.7 ಕೆಜಿ, ಸ್ಕ್ರೀನ್ ಸುಮಾರು, ಆದ್ರೆ ಒಳಗೆ ಒಂದು ಸ್ಲಾಟ್ ಖಾಲಿ ಇದೆ. ಅಪ್ಪ ಇದಕ್ಕೋಸ್ಕರ ಚೀಟಿ ಎತ್ತಿದಾರೆ. ಅಂದ್ರೆ ಸಿಎ ಮುಗಿಯೋವರೆಗೂ ಇನ್ನೊಂದು ಲ್ಯಾಪ್‌ಟಾಪ್ ಕೇಳೋ ಮಾತೇ ಇಲ್ಲ.

ಇದೇ ಪೀಕಲಾಟ ಹಿಂದೆ ಒಂದ್ಸಲ ಜಗತ್ತಿನ ಮುಂದೆ, ಒಂದೇ ವೇದಿಕೆ ಮೇಲೆ, ಒಂದೇ ದಿನ ಬಂದಿತ್ತು ಅಂತ ಚಿಕ್ಕಪ್ಪ ಹೇಳಿದ್ಮೇಲೆ ಓದೋಕೆ ಶುರು ಮಾಡಿದೆ.

ಭಾಗ 2

2012 ಜೂನ್ 11, ಸ್ಯಾನ್ ಫ್ರಾನ್ಸಿಸ್ಕೋ. ಆಪಲ್ ಕಂಪನಿಯ ಫಿಲ್ ಶಿಲ್ಲರ್ ವೇದಿಕೆ ಮೇಲೆ ನಿಂತು 15 ಇಂಚಿನ ಎರಡು ಮ್ಯಾಕ್‌ಬುಕ್ ಪ್ರೊ ಪರಿಚಯ ಮಾಡ್ತಾರೆ. ಹೆಸರು ಒಂದೇ, ಸ್ವಭಾವ ಪೂರ್ತಿ ಬೇರೆ.

ಹಳೇ ವಿನ್ಯಾಸದ್ದು 1,799 ಡಾಲರ್. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, 2.56 ಕೆಜಿ ತೂಕ. ಹಿಂದಿನ ಸ್ಕ್ರೂ ಬಿಚ್ಚಿದ್ರೆ ರ‍್ಯಾಮ್, ಹಾರ್ಡ್ ಡಿಸ್ಕ್ ಎರಡನ್ನೂ ನಾವೇ ಬದಲಾಯಿಸ್ಬಹುದು.

ಹೊಸ ರೆಟಿನಾ ಮಾಡೆಲ್ 2,199 ಡಾಲರ್. 8 ಜಿಬಿ ರ‍್ಯಾಮ್, 256 ಜಿಬಿ ಫ್ಲ್ಯಾಶ್ ಸ್ಟೋರೇಜ್, ದಪ್ಪ 1.8 ಸೆಂಟಿಮೀಟರ್, ತೂಕ 2 ಕೆಜಿ ಚಿಲ್ಲರೆ. ಸ್ಕ್ರೀನ್ 2880×1800. ಲೆಕ್ಕ ಹಾಕಿ: ಹಳೇದು 1440×900, ಅಂದ್ರೆ ಹೊಸದ್ರಲ್ಲಿ ಸರಿಯಾಗಿ ನಾಲ್ಕು ಪಟ್ಟು ಪಿಕ್ಸೆಲ್. ಆ ಕಾಲಕ್ಕೆ ಕಣ್ಣು ಕುಕ್ಕೋ ಸಂಗತಿ.

ಆದ್ರೆ ರ‍್ಯಾಮ್ ಬೋರ್ಡಿಗೆ ಬೆಸುಗೆ, ಬ್ಯಾಟರಿಗೆ ಅಂಟು. ಸ್ಟೋರೇಜ್ ಮಾತ್ರ ಬೇರೆ ಕಾರ್ಡ್, ಅದಕ್ಕೂ ಎಲ್ಲಾ ಕಡೆ ಸಿಗದಂಥ ಕನೆಕ್ಟರ್. 16 ಜಿಬಿ ಬೇಕಾ? ಆರ್ಡರ್ ಮಾಡೋವಾಗ್ಲೇ ಇನ್ನೂ 200 ಡಾಲರ್ ಕೊಡಿ. ಆಮೇಲೆ ಬೇಕು ಅನ್ಸಿದ್ರೆ ಏನೂ ಮಾಡೋ ಹಾಗಿಲ್ಲ.

ನಮ್ ಬಿಕಾಂ ತಲೆಗೆ ಹೊಳೆದಿದ್ದು ಇಲ್ಲಿ. ಹಳೇ ಮಾಡೆಲ್‌ನಲ್ಲಿ ಇವತ್ತು ಕಡಿಮೆ ಕೊಟ್ಟು, ಎರಡು ವರ್ಷ ಬಿಟ್ಟು ಮಾರ್ಕೆಟ್‌ನಲ್ಲಿ ರ‍್ಯಾಮ್ ರೇಟ್ ಇಳಿದಾಗ ಉಳಿದದ್ದನ್ನ ಕೊಳ್ಳೋಕೆ ಅವಕಾಶ ಇತ್ತು. ಹೊಸದ್ರಲ್ಲಿ ಮುಂದಿನ ಐದು ವರ್ಷದ ಅಗತ್ಯವನ್ನ ಅಂಗಡಿ ಕೌಂಟರ್ ಮುಂದೆಯೇ ಊಹೆ ಮಾಡ್ಬೇಕು, ಅದೂ ಕಂಪನಿ ಹೇಳಿದ ರೇಟಿಗೆ. ಬದಲಾಗಿದ್ದು ಬರೀ ಬೆಸುಗೆ ಅಲ್ಲ, ನಾವು ಯಾವಾಗ ನಿರ್ಧಾರ ಮಾಡ್ಬೇಕು ಅನ್ನೋದೇ ಬದಲಾಯ್ತು.

(ಬೆಸೆದ ರ‍್ಯಾಮ್ ಅಲ್ಲೇ ಶುರುವಾಗಿದ್ದೇನಲ್ಲ. 2008ರಲ್ಲಿ ಸ್ಟೀವ್ ಜಾಬ್ಸ್ ಲಕೋಟೆಯಿಂದ ತೆಗೆದು ತೋರಿಸಿದ ಮ್ಯಾಕ್‌ಬುಕ್ ಏರ್‌ನಲ್ಲೂ ಹಾಗೇ ಇತ್ತು. ಆದ್ರೆ ಅದು ಶೋಕಿ ಯಂತ್ರ ಅಂತ ಜನ ಬಿಟ್ಟಿದ್ರು. ‘ಪ್ರೊ’ಗೆ ಬಂದಾಗ ಎಲ್ಲರ ಕಿವಿ ನೆಟ್ಟಗಾಯ್ತು.)

ಭಾಗ 3

ಗಲಾಟೆ ತಕ್ಷಣ ಶುರು. ಯಂತ್ರಗಳನ್ನ ಬಿಚ್ಚಿ ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡೋ ಐಫಿಕ್ಸಿಟ್ ಸಂಸ್ಥೆ ರೆಟಿನಾಗೆ ಹತ್ತಕ್ಕೆ ಒಂದು ಅಂಕ ಕೊಡ್ತು. ಅದರ ಮುಖ್ಯಸ್ಥ ಕೈಲ್ ವೀನ್ಸ್ ‘ವೈರ್ಡ್’ನಲ್ಲಿ ಲೇಖನ ಬರೆದು, ಇದನ್ನ ನಾವು ಕೊಂಡ್ರೆ ಇಂಥದ್ದೇ ಇನ್ನಷ್ಟು ಬರ್ತಾವೆ ಅನ್ನೋ ಅರ್ಥದಲ್ಲಿ ಎಚ್ಚರಿಸಿದ್ರು.

ಅದೇ ಹೊತ್ತಿಗೆ ಆಪಲ್ ತನ್ನ 39 ಉತ್ಪನ್ನಗಳನ್ನ ಇಪೀಟ್ ಅನ್ನೋ ಪರಿಸರಸ್ನೇಹಿ ಪಟ್ಟಿಯಿಂದ ವಾಪಸ್ ತಗೊಳ್ತು. ಅಮೆರಿಕದ ಸರ್ಕಾರಿ ಕಚೇರಿಗಳು ಕಂಪ್ಯೂಟರ್ ಕೊಳ್ಳೋವಾಗ ನೋಡೋ ಪಟ್ಟಿ ಅದು. ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ ‘ಹಾಗಾದ್ರೆ ನಿಮ್ ಮ್ಯಾಕ್ ನಮಗೆ ಬೇಡ’ ಅನ್ನೋ ನಿಲುವಿಗೆ ಬಂತು. ಜುಲೈ 13ಕ್ಕೆ ಕಂಪನಿಯ ಹಿರಿಯ ಅಧಿಕಾರಿ ಬಾಬ್ ಮ್ಯಾನ್ಸ್‌ಫೀಲ್ಡ್ ಪತ್ರ ಬರೆದು ಅದು ತಪ್ಪು ಅಂತ ಒಪ್ಕೊಂಡ್ರು. ತಮಾಷೆ ಏನಂದ್ರೆ, ಅಷ್ಟು ಗದ್ದಲ ಆದ್ಮೇಲೆ ರೆಟಿನಾ ಕೂಡ ಗೋಲ್ಡ್ ದರ್ಜೆಯಲ್ಲೇ ಆ ಪಟ್ಟಿ ಸೇರ್ತು!

ಭಾಗ 4

ಚಿಕ್ಕಪ್ಪ ಆಗ ಕೊಂಡಿದ್ದು ಹಳೇ ವಿನ್ಯಾಸದ 13 ಇಂಚಿನದು. 1,199 ಡಾಲರಿನ ಮಾಡೆಲ್, ಅದ್ರಲ್ಲೂ 4 ಜಿಬಿ. ಕಾರಣ ಸಿದ್ಧಾಂತವೇನಲ್ಲ. ಮದುವೆಯವರು ಡಿವಿಡಿ ಕೇಳ್ತಿದ್ರು, ಇದರಲ್ಲಿ ಡ್ರೈವ್ ಇತ್ತು, ಅಷ್ಟೇ. ಮುಂದೆ ಆಲ್ಬಂ ಫೈಲ್‌ಗಳು ದೊಡ್ಡದಾಗಿ ಯಂತ್ರ ಏದುಸಿರು ಬಿಡೋಕೆ ಶುರು ಮಾಡಿದಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿಸ್ಕೊಂಡು ಬಂದ್ರು. ಕಂಪನಿ ಹೇಳಿದ್ದು 8 ಜಿಬಿವರೆಗೆ ಮಾತ್ರ, ಯಂತ್ರ ಮಾತ್ರ 16ನ್ನೂ ಆರಾಮಾಗಿ ನುಂಗ್ತು.

ಇಂಥ ಗಿರಾಕಿಗಳು ಇದ್ದಿದ್ರಿಂದ್ಲೋ ಏನೋ, ಆ 13 ಇಂಚಿನ ಹಳೇ ಮಾಡೆಲ್ 2016ರ ಅಕ್ಟೋಬರ್‌ವರೆಗೂ ಹೊಸದಾಗೇ ಮಾರಾಟದಲ್ಲಿತ್ತು. ಅದೇ ಪ್ರೊಸೆಸರ್, ಅದೇ ಡಿವಿಡಿ ಡ್ರೈವ್.

ಇಲ್ಲಿವರೆಗೆ ಓದಿ ‘ಸರಿ, ಸ್ಲಾಟ್ ಗೆಲ್ತು’ ಅಂತ ಕುಣಿದೆ. ಆದ್ರೆ 2020ರ ನವೆಂಬರ್‌ನಲ್ಲಿ ಬಿಗ್ ಸರ್ ಅನ್ನೋ ಹೊಸ ಆಪರೇಟಿಂಗ್ ಸಿಸ್ಟಮ್ ಬಂತು. 2012ರ ರೆಟಿನಾಗೂ ಸಿಗಲಿಲ್ಲ, 2012ರ ಹಳೇ ವಿನ್ಯಾಸಕ್ಕೂ ಸಿಗಲಿಲ್ಲ. ಎರಡಕ್ಕೂ ಕೆಟಲಿನಾದಲ್ಲೇ ಕೊನೆ. 2016ರಲ್ಲಿ ಪೂರ್ತಿ ದುಡ್ಡು ಕೊಟ್ಟು ಹೊಸದು ತಂದವರಿಗೆ ನಾಲ್ಕೇ ವರ್ಷಕ್ಕೆ ಬಾಗಿಲು ಮುಚ್ತು. 16 ಜಿಬಿ ಹಾಕಿದ್ರೂ ಅಷ್ಟೇ, 4 ಇದ್ರೂ ಅಷ್ಟೇ. ಚಿಕ್ಕಪ್ಪ ಈಗ ಅದನ್ನ ಇಂಟರ್ನೆಟ್‌ಗೆ ಜೋಡಿಸೋದೇ ಇಲ್ಲ, ಬ್ಯಾಂಕ್ ಕೆಲಸ ಎಲ್ಲ ಫೋನಲ್ಲಿ.

ಬೆಸುಗೆ ಪರವಾಗೂ ಒಂದು ಮಾತು ಹೇಳ್ಬೇಕು, ಇಲ್ದಿದ್ರೆ ಅನ್ಯಾಯ. ಕಡಿಮೆ ಕರೆಂಟ್ ಎಳೆಯೋ ಎಲ್‌ಪಿಡಿಡಿಆರ್ ಜಾತಿಯ ರ‍್ಯಾಮನ್ನ ತುಂಬಾ ವರ್ಷ ಬೆಸೆದೇ ಕೂರಿಸ್ಬೇಕಿತ್ತು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಹೆಚ್ಚು ಹೊತ್ತು ಬರೋದಕ್ಕೆ ಅದೂ ಒಂದು ಕಾರಣ. ಅದನ್ನೂ ಬಿಚ್ಚಿ ಹಾಕೋ ಎಲ್‌ಪಿಕ್ಯಾಮ್2 ಅನ್ನೋ ಮಾದರಿ 2024ರಲ್ಲಿ ಲೆನೊವೊದ ಒಂದು ಥಿಂಕ್‌ಪ್ಯಾಡ್‌ನಲ್ಲಿ ಬಂತು, ಆದ್ರೆ ಅದರ ರೇಟ್ ನಮ್ ಚೀಟಿ ದುಡ್ಡಿಗೆ ಎಟುಕೋದಲ್ಲ.

ಭಾಗ 5

ಕಂಪನಿ ಕಾಯ್ದೆ 2013ರ ಎರಡನೇ ಶೆಡ್ಯೂಲ್ ನೆನಪಿದೆಯಾ? ಸವಕಳಿ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಆಯಸ್ಸು ಮೂರೇ ವರ್ಷ. ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ. ನಮ್ಮನೆ ಲೆಕ್ಕದಲ್ಲಿ ಅದು ಆರು ವರ್ಷ ಬಾಳಲೇಬೇಕು. ಆ ಆರು ವರ್ಷದಲ್ಲಿ ನನಗೆ 8 ಜಿಬಿ ಸಾಕಾ ಅಂತ ಇವತ್ತು ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನೇ ಇಟ್ಕೊಂಡು ಸ್ಲಾಟ್ ಇರೋದನ್ನ ಆರಿಸಿದೆ. ಹೊಸ ಸಾಫ್ಟ್‌ವೇರ್ ಯಾವತ್ತು ಕೈ ಕೊಡುತ್ತೋ ಅದು ನನ್ ಕೈಲಿಲ್ಲ, ರ‍್ಯಾಮ್ ಆದ್ರೂ ಇರ್ಲಿ. ಆ ಸ್ಕ್ರೀನ್ ಕೈ ತಪ್ಪಿದ್ದಕ್ಕೆ ಈಗ್ಲೂ ಹೊಟ್ಟೆ ಉರಿಯುತ್ತೆ. ಅರ್ಧ ಕೆಜಿ ಜಾಸ್ತಿ ಹೊತ್ಕೊಂಡು ಸಿಟಿ ಬಸ್ಸಲ್ಲಿ ನಿಲ್ಲೋಳೂ ನಾನೇ.

ಅಂಗಡಿಯಲ್ಲಿ ‘ಸ್ಲಾಟ್ ಖಾಲಿ ಇದೆಯಾ ಸರ್?’ ಅಂತ ಕೇಳಿದ್ರೆ, ‘ಅದೆಲ್ಲಾ ಯಾಕಮ್ಮಾ ನಿಂಗೆ, ಕಲರ್ ಯಾವ್ದು ಬೇಕು ಹೇಳು’ ಅಂದ್ರು. ಮಾಡೆಲ್ ನಂಬರ್ ಪೂರ್ತಿ ಬರ್ಕೊಂಡು ಬಂದು ಮನೇಲಿ ನೋಡಿದೆ. ಒಂದೇ ಹೆಸರಲ್ಲಿ, ಕೊನೇ ಎರಡು ಅಕ್ಷರ ಮಾತ್ರ ಬೇರೆ ಇರೋ ಇನ್ನೊಂದರಲ್ಲಿ ಸ್ಲಾಟೇ ಇಲ್ಲ! ನೀವೂ ಕೊಳ್ಳೋಕೆ ಹೋಗ್ತಿದ್ರೆ ಆ ನಂಬರ್ ಕೊನೇವರೆಗೂ ಓದಿ.

ಶನಿವಾರ ಅಪ್ಪನ ಜೊತೆ ಹೋಗಿ ತಂದೆ, ಕೊನೇ ಫೋಟೋದಲ್ಲಿರೋದು ಅದೇ. ಸದ್ಯಕ್ಕೆ ಎಂಟೇ ಜಿಬಿ. ಚಿಕ್ಕಪ್ಪ ಆಗ್ಲೇ ಸ್ಕ್ರೂ ಡ್ರೈವರ್ ಹಿಡ್ಕೊಂಡು ಮನೆಗೆ ಬಂದಿದ್ರು. ವಾರಂಟಿ ಕಾರ್ಡ್ ಓದಿ ಮುಗ್ಸೋವರೆಗೆ ಮುಟ್ಟಬೇಡಿ ಅಂತ ಟೀ ಕೊಟ್ಟು ಕೂರಿಸಿದೀನಿ.