ಕಸಿಗೊಂಡ ಜೀವಗಳು: ಮನುಷ್ಯ–ಪ್ರಾಣಿ ಮಿಶ್ರಣದ ಆರು ದಶಕ

ಮಾವಿನ ತೋಟ ಮಾಡುವವರಿಗೆ ಕಸಿಗೂ ಸಂಕರಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿ ಮಾವಿನ ಸಸಿಗೆ ಬಾದಾಮಿಯ ಕುಡಿ ಕಟ್ಟಿದರೆ ಬುಡ ನಾಟಿಯಾಗಿಯೇ ಉಳಿಯುತ್ತದೆ, ಕೊಂಬೆ ಬಾದಾಮಿಯಾಗಿಯೇ ಬೆಳೆಯುತ್ತದೆ. ಎರಡೂ ಸೇರಿ ಒಂದೇ ಮರವಾಗಿ ಬಾಳುತ್ತವೆ. ಹೈಬ್ರಿಡ್ ಜೋಳದ ಕತೆ ಬೇರೆ. ಅಲ್ಲಿ ಎರಡು ತಳಿಗಳ ಗುಣ ಪ್ರತಿಯೊಂದು ಜೀವಕೋಶದಲ್ಲೂ ಬೆರೆತಿರುತ್ತದೆ. ಕತ್ತೆಗೂ ಕುದುರೆಗೂ ಹುಟ್ಟುವ ಹೇಸರಗತ್ತೆಯೂ ಹೀಗೆಯೇ. ಮನುಷ್ಯ ಮತ್ತು ಪ್ರಾಣಿಯನ್ನು ಬೆರೆಸುವ ಸಂಶೋಧನೆಯ ಸುದ್ದಿ ಬಂದಾಗಲೆಲ್ಲ ನಮ್ಮ ಕಣ್ಣಮುಂದೆ ಹೇಸರಗತ್ತೆಯಂಥ ಚಿತ್ರ ಮೂಡುತ್ತದೆ. ಆದರೆ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವುದು ಬಹುಪಾಲು ಕಸಿಯ ಕೆಲಸ. ಒಂದೇ ದೇಹದಲ್ಲಿ ಎರಡು ಜೀವಜಾತಿಗಳ ಕೋಶಗಳು ತಮ್ಮತನ ಬಿಡದೆ ಅಕ್ಕಪಕ್ಕ ಬದುಕುವ ಇಂಥ ಜೀವಿಗೆ ವಿಜ್ಞಾನಿಗಳು ಕಿಮೆರಾ ಎನ್ನುತ್ತಾರೆ. ಕಸಿ ಎಂದ ಮಾತ್ರಕ್ಕೆ ನೈತಿಕ ಭಾರ ಇಳಿಯುವುದಿಲ್ಲ. ಮರದ ಯಾವ ಕೊಂಬೆ ಕಸಿಯದು ಎಂಬುದರಿಂದ ಮರಕ್ಕೆ ನೋವೂ ಇಲ್ಲ, ನಲಿವೂ ಇಲ್ಲ. ಪ್ರಾಣಿಯಲ್ಲಿ ಕಸಿ ಹಿಡಿದದ್ದು ಮೂತ್ರಪಿಂಡದಲ್ಲೋ ಮಿದುಳಿನಲ್ಲೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಾನೂನು ಇಷ್ಟು ವರ್ಷ ಯಾರ ಕೋಶ, ಎಷ್ಟು ಕೋಶ, ಎಷ್ಟು ದಿನ ಎಂದು ಕೇಳುತ್ತ ಬಂದಿದೆ. ಆ ಕೋಶ ಎಲ್ಲಿ ನೆಲೆಸಿತು, ಅದರಿಂದ ಆ ಜೀವಕ್ಕೆ ಏನು ಅನುಭವಕ್ಕೆ ಬಂತು ಎಂದು ಕೇಳುವುದನ್ನು ತಡವಾಗಿ ಕಲಿಯುತ್ತಿದೆ. ಈ ಕ್ಷೇತ್ರ ನಡೆದುಬಂದ ದಾರಿಯೇ ಅದಕ್ಕೆ ಸಾಕ್ಷಿ.

ದಾರಿ ಶುರುವಾದದ್ದು ಇಲಿಗಳಿಂದ. 1961ರಲ್ಲಿ ಪೋಲೆಂಡಿನ ಆಂಜೇ ತಾರ್ಕೋವ್‌ಸ್ಕಿ ಎರಡು ಇಲಿಭ್ರೂಣಗಳನ್ನು ಒಂದಕ್ಕೊಂದು ಅಂಟಿಸಿ ಒಂದೇ ಇಲಿಯಾಗಿ ಬೆಳೆಯಬಲ್ಲವೆಂದು ತೋರಿಸಿದರು. 1984ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಕುರಿ ಮತ್ತು ಆಡಿನ ಭ್ರೂಣಗಳನ್ನು ಬೆರೆಸಿದರು. ಹುಟ್ಟಿದ ಮರಿಯ ಮೈಮೇಲೆ ಒಂದು ಕಡೆ ಕುರಿಯ ಉಣ್ಣೆ, ಇನ್ನೊಂದು ಕಡೆ ಆಡಿನ ಕೂದಲು. ಇವೆರಡೂ ಕಣ್ಣಿಗೆ ಬೀಳುವ ಅಚ್ಚರಿಗಳು. ಕಿವಿಗೆ ಬಿದ್ದ ಮೂರನೆಯದೊಂದು ಇವುಗಳಿಗಿಂತ ಆಳವಾದದ್ದು. ಫ್ರಾನ್ಸಿನ ನಿಕೋಲ್ ಲ ದ್ವಾರಾಂ ಅವರು ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಂಡಿ ಕೊರೆದು, ಒಳಗಿನ ಭ್ರೂಣಕ್ಕೆ ಜಪಾನಿನ ಗೌಜಲಕ್ಕಿಯ ಕೋಶಗಳನ್ನು ಕಸಿ ಮಾಡುವ ವಿಧಾನವನ್ನು ರೂಢಿಗೆ ತಂದಿದ್ದರು. 1988ರಲ್ಲಿ ಇವಾನ್ ಬಲಬಾನ್ ಅವರ ಜೊತೆ ಸೇರಿ ಅದೇ ವಿಧಾನದಿಂದ ಗೌಜಲಕ್ಕಿಯ ಬೆಳೆಯುತ್ತಿರುವ ಮಿದುಳಿನ ತುಣುಕುಗಳನ್ನು ಕೋಳಿಭ್ರೂಣದೊಳಗೆ ಇಟ್ಟರು. ಮರಿ ಚಿಪ್ಪೊಡೆದು ಬಂತು. ನೋಡಲು ಕೋಳಿಮರಿ, ಕೂಗಿದ್ದು ಗೌಜಲಕ್ಕಿಯ ಲಯದಲ್ಲಿ. ತೀರಾ ಸಣ್ಣ ಅಂಗಾಂಶ ಒಂದು ಹಕ್ಕಿಯ ಹುಟ್ಟುಗುಣವನ್ನೇ ಇನ್ನೊಂದು ಹಕ್ಕಿಯ ಗಂಟಲಿಗೆ ದಾಟಿಸಿತ್ತು. ನೂರರಲ್ಲಿ ಎಷ್ಟು ಪಾಲು ಕೋಶ ಪರಕೀಯ ಎಂಬ ಲೆಕ್ಕದಿಂದ ಆ ಕೂಗನ್ನು ಮುಂಗಾಣಲು ಆಗುತ್ತಿರಲಿಲ್ಲ.

ಅದೇ 1988ರಲ್ಲಿ ಮನುಷ್ಯರ ಕೋಶಗಳೂ ಈ ಕತೆಯೊಳಗೆ ಬಂದವು. ತಮ್ಮದೇ ರೋಗನಿರೋಧಕ ಶಕ್ತಿಯಿಲ್ಲದ, ಮನುಷ್ಯರ ರಕ್ಷಣಾ ಕೋಶಗಳನ್ನು ತುಂಬಿದ ಇಲಿಗಳು ಸಿದ್ಧವಾದವು. ಎಚ್‌ಐವಿಯಂಥ ಸೋಂಕುಗಳ ಅಧ್ಯಯನಕ್ಕೆ ಅವು ನೆರವಾದವು. ಇದಕ್ಕೆ ಹೆಚ್ಚಿನ ಆಕ್ಷೇಪ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಮನುಷ್ಯರ ರಕ್ತಕೋಶ ಹೊತ್ತ ಇಲಿ ಇಲಿಯಾಗಿಯೇ ಬದುಕುತ್ತದೆ. 1998ರಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಆಕರಕೋಶಗಳನ್ನು ಬೇರ್ಪಡಿಸಿದ ಮೇಲೆ ಮಾತು ಬದಲಾಯಿತು. ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಈ ಸ್ಟೆಮ್ ಸೆಲ್ ಕೈಗೆ ಸಿಕ್ಕಿತ್ತು. ನರಕೋಶಗಳೆಲ್ಲ ಮನುಷ್ಯರದೇ ಆಗಿರುವ ಮಿದುಳುಳ್ಳ ಇಲಿಯನ್ನು ಮಾಡಬಹುದೇ ಎಂಬ ಪ್ರಶ್ನೆಯನ್ನು ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ಎತ್ತಿದರು. ಮಾಡುವ ಮೊದಲೇ ಕಾನೂನು ಪ್ರಾಧ್ಯಾಪಕ ಹೆನ್ರಿ ಗ್ರೀಲಿ ಅವರ ನೇತೃತ್ವದ ಗುಂಪೊಂದರ ಸಲಹೆ ಕೇಳಿದರು. ಹಂತಹಂತವಾಗಿ ಮುಂದುವರಿಯಿರಿ, ಮಿದುಳಿನ ರಚನೆಯನ್ನು ಪರೀಕ್ಷಿಸುತ್ತಿರಿ, ಮನುಷ್ಯರನ್ನು ಹೋಲುವ ರಚನೆಯೋ ನಡವಳಿಕೆಯೋ ಕಂಡರೆ ಅಲ್ಲಿಗೆ ನಿಲ್ಲಿಸಿ ಎಂಬುದು ಆ ಗುಂಪಿನ ಸಲಹೆಯ ಸಾರ. ಈ ಆರು ದಶಕಗಳಲ್ಲಿ ಬಂದ ವಿವೇಕದ ಮಾತುಗಳಲ್ಲಿ ಇದು ಮುಖ್ಯವಾದದ್ದು. ಎಲ್ಲಿ ನಿಲ್ಲಬೇಕೆಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕೆಂದು ಅದು ಹೇಳಿತು.

ಸಾರ್ವಜನಿಕ ಚರ್ಚೆ ಬೇರೆ ಕಡೆ ಬಿಸಿಯೇರಿತ್ತು. 2006ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ತಮ್ಮ ವಾರ್ಷಿಕ ಭಾಷಣದಲ್ಲಿ ಮನುಷ್ಯ–ಪ್ರಾಣಿ ಸಂಕರವನ್ನು ನಿಷೇಧಿಸಬೇಕೆಂದು ಕರೆಕೊಟ್ಟರು. ಬ್ರಿಟನ್ನಿನಲ್ಲಿ ನ್ಯೂಕಾಸಲ್‌ನ ಸಂಶೋಧಕರು ಹಸುವಿನ ಅಂಡದ ಕೋಶಕೇಂದ್ರವನ್ನು ತೆಗೆದು ಅಲ್ಲಿ ಮನುಷ್ಯರ ಕೋಶಕೇಂದ್ರವನ್ನಿಟ್ಟರು. ಸಂಸತ್ತಿನಲ್ಲಿ ಬಿರುಸಿನ ವಾದ ನಡೆದು, 2008ರ ಕಾಯ್ದೆ ಇಂಥ ಭ್ರೂಣಗಳಿಗೆ ಪರವಾನಗಿಯ ಕಟ್ಟುಪಾಡಿನಲ್ಲಿ ಅವಕಾಶ ಕೊಟ್ಟಿತು. ಹದಿನಾಲ್ಕು ದಿನ ಮೀರಿ ಬೆಳೆಸಬಾರದು, ಗರ್ಭಕ್ಕೆ ಸೇರಿಸಬಾರದು ಎಂದಿತು. ಅಷ್ಟರಲ್ಲಿ ಶಿನ್ಯಾ ಯಮನಾಕ ಅವರು ಚರ್ಮದ ಕೋಶವನ್ನೇ ಆಕರಕೋಶವಾಗಿ ಹಿಂತಿರುಗಿಸುವ ದಾರಿ ಕಂಡುಹಿಡಿದಿದ್ದರು. ಆಕರಕೋಶಕ್ಕಾಗಿ ಹಸುವಿನ ಅಂಡ ಬಳಸುವ ಅಗತ್ಯವೇ ಕರಗಿಹೋಯಿತು. ಗಾಜಿನ ತಟ್ಟೆಯಲ್ಲಿ ಕೆಲವು ದಿನ ಬದುಕುವ, ನರವ್ಯೂಹವೇ ಇಲ್ಲದ ಕೋಶಗಳ ಗುಂಪಿನ ಮೇಲೆ ಅತಿ ದೊಡ್ಡ ಗದ್ದಲವೆದ್ದಿತ್ತು. ಹುಟ್ಟಿ, ಉಂಡು, ಹೆದರಿ, ಕಲಿಯುವ ಪ್ರಾಣಿಗಳ ಬಗ್ಗೆ ಕೇಳಿದವರು ಕಡಿಮೆ. ಈ ಕೊರತೆಯನ್ನು ಸ್ವಲ್ಪ ತುಂಬಿದ್ದು 2011ರಲ್ಲಿ ಬ್ರಿಟನ್ನಿನ ಅಕಾಡೆಮಿ ಆಫ್ ಮೆಡಿಕಲ್ ಸೈನ್ಸಸ್ ಕೊಟ್ಟ ವರದಿ. ಬಹುಪಾಲು ಪ್ರಯೋಗಗಳಿಗೆ ಈಗಿರುವ ನಿಯಮ ಸಾಕು, ಕೆಲವಕ್ಕೆ ತಜ್ಞರ ವಿಶೇಷ ಪರಿಶೀಲನೆ ಬೇಕು, ಇನ್ನು ಕೆಲವನ್ನು ಸದ್ಯಕ್ಕೆ ಮಾಡಲೇಬಾರದು ಎಂದು ಅದು ಮೂರು ಪಾಲು ಮಾಡಿತು. ಮಿದುಳು, ಸಂತಾನಕೋಶ, ಮನುಷ್ಯರದೆನ್ನಿಸುವ ರೂಪ ಮತ್ತು ನಡವಳಿಕೆ ಇವನ್ನು ಎಚ್ಚರದ ತಾಣಗಳೆಂದು ಗುರುತಿಸಿತು.

ಅಂಗಾಂಗದ ಆಸೆ ಈ ಸಂಶೋಧನೆಯನ್ನು ಮುಂದಕ್ಕೆ ತಳ್ಳಿದ ದೊಡ್ಡ ಬಲ. 2010ರಲ್ಲಿ ಜಪಾನಿನ ಹಿರೋಮಿತ್ಸು ನಕಾವುಚಿ ಅವರ ತಂಡ, ಮೇದೋಜೀರಕ ಗ್ರಂಥಿ ಬೆಳೆಯದಂತೆ ಜೀನ್ ಬದಲಿಸಿದ ಇಲಿಯ ಭ್ರೂಣಕ್ಕೆ ಹೆಗ್ಗಣದ ಜಾತಿಯ ಆಕರಕೋಶ ಹಾಕಿತು. ಖಾಲಿಬಿದ್ದ ಜಾಗದಲ್ಲಿ ಹೆಗ್ಗಣದ ಗ್ರಂಥಿಯೇ ಬೆಳೆಯಿತು. 2017ರಲ್ಲಿ ಅದೇ ತಂತ್ರವನ್ನು ತಿರುಗಿಸಿ, ಹೆಗ್ಗಣದೊಳಗೆ ಬೆಳೆದ ಇಲಿಯ ಗ್ರಂಥಿಯಿಂದ ಸಕ್ಕರೆಕಾಯಿಲೆಯ ಇಲಿಗಳನ್ನು ವರ್ಷಕ್ಕೂ ಮೇಲ್ಪಟ್ಟು ಸ್ವಸ್ಥವಾಗಿಟ್ಟರು. ಮನುಷ್ಯ ಮತ್ತು ಹಂದಿಯ ನಡುವೆ ಕೆಲಸ ಇಷ್ಟು ಸಲೀಸಾಗಲಿಲ್ಲ. 2017ರಲ್ಲೇ ಅಮೆರಿಕದ ಸಾಕ್ ಸಂಸ್ಥೆಯ ತಂಡ ಎರಡು ಸಾವಿರಕ್ಕೂ ಹೆಚ್ಚು ಭ್ರೂಣಗಳನ್ನು 41 ಹಂದಿಗಳ ಗರ್ಭಕ್ಕೆ ಸೇರಿಸಿತು. ನಾಲ್ಕು ವಾರಗಳ ಹೊತ್ತಿಗೆ ಸಿಕ್ಕಿದ್ದು 186 ಭ್ರೂಣ. ಅವುಗಳಲ್ಲಿ ಮನುಷ್ಯ ಕೋಶ ಲಕ್ಷಕ್ಕೆ ಒಂದರ ಆಸುಪಾಸು. 2023ರಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಸಂಶೋಧಕರು 1,820 ಭ್ರೂಣಗಳನ್ನು 13 ಹಂದಿಗಳಿಗೆ ಸೇರಿಸಿದರು. ಪರೀಕ್ಷೆಗೆ ತೆಗೆದ ಐದು ಭ್ರೂಣಗಳ ಎಳೆಯ ಮೂತ್ರಪಿಂಡಗಳಲ್ಲಿ ಅರ್ಧಕ್ಕೂ ಮಿಕ್ಕಿ ಕೋಶಗಳು ಮನುಷ್ಯರವಾಗಿದ್ದವು. ಅದೇ ಭ್ರೂಣಗಳ ಮಿದುಳು ಮತ್ತು ಬೆನ್ನುಹುರಿಯಲ್ಲೂ ಮನುಷ್ಯ ಕೋಶಗಳು ಅಲ್ಲೊಂದು ಇಲ್ಲೊಂದು ಕಂಡವು. ಮೂತ್ರಪಿಂಡಕ್ಕೆಂದು ಕಟ್ಟಿದ ಕಸಿ ಬೇರೆ ಕಡೆಗೂ ಚಿಗುರೊಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಮಿದುಳಿನ ದಿಕ್ಕಿನಲ್ಲಿಯೂ ಕೆಲಸ ನಿಲ್ಲಲಿಲ್ಲ. 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇಲಿಮರಿಗಳ ಮಿದುಳಿಗೆ ಮನುಷ್ಯರ ಗ್ಲಿಯಾ ಎಂಬ ಆಸರೆಕೋಶಗಳ ಮೂಲಕೋಶಗಳನ್ನು ಹಾಕಿದಾಗ, ದೊಡ್ಡವಾದ ಮೇಲೆ ಆ ಇಲಿಗಳು ಉಳಿದವಕ್ಕಿಂತ ಬೇಗ ಕಲಿತವು. 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆರ್ಜು ಪಾಷ್ಕ ಅವರ ತಂಡ, ತಟ್ಟೆಯಲ್ಲಿ ಬೆಳೆಸಿದ ಮಾನವ ಮಿದುಳಿನ ಅಂಗಾಂಶದ ಉಂಡೆಗಳನ್ನು ಹುಟ್ಟಿ ಕೆಲವೇ ದಿನಗಳಾದ ಹೆಗ್ಗಣಮರಿಗಳ ತಲೆಯೊಳಗಿಟ್ಟಿತು. ಆ ಅಂಗಾಂಶ ಬೆಳೆದು ಮಿದುಳಿನ ಒಂದು ಪಾರ್ಶ್ವದ ಮೂರನೇ ಒಂದು ಭಾಗದಷ್ಟಾಯಿತು. ಹೆಗ್ಗಣದ ಮೀಸೆಯನ್ನು ಅಲುಗಿಸಿದರೆ ಮನುಷ್ಯನ ನರಕೋಶ ಮಿಡಿಯಿತು. ಆ ನರಕೋಶಗಳನ್ನು ಬೆಳಕಿನಿಂದ ಕೆರಳಿಸಿದಾಗ, ತರಬೇತಿ ಪಡೆದ ಪ್ರಾಣಿ ನೀರಿನ ನಳಿಕೆಯನ್ನು ನೆಕ್ಕಿತು. ಸೆಳವು, ನೆನಪು, ಆತಂಕ ಮುಂತಾದವನ್ನು ತಂಡ ಪರೀಕ್ಷಿಸಿತು, ವಿಪರೀತವೇನೂ ಕಾಣಲಿಲ್ಲ. ಮಕ್ಕಳ ಒಂದು ಅಪರೂಪದ ಕಾಯಿಲೆಯಲ್ಲಿ ನರಕೋಶಗಳು ಹೇಗೆ ಸೊರಗುತ್ತವೆಂದು ತಟ್ಟೆಯಲ್ಲಿ ಕಾಣದ್ದು ಇಲ್ಲಿ ಕಂಡಿತು. ಈ ಪ್ರಯೋಗದಲ್ಲಿ ಲಾಭವೂ ಇದೆ, ಎಚ್ಚರವೂ ಇದೆ. ಅದಕ್ಕೆ ಒಂದು ವರ್ಷ ಮೊದಲು, 2021ರಲ್ಲಿ, ಚೀನಾದ ಕುನ್‌ಮಿಂಗ್‌ನಲ್ಲಿ 132 ಕೋತಿಭ್ರೂಣಗಳಿಗೆ ತಲಾ 25 ಮನುಷ್ಯ ಕೋಶಗಳನ್ನು ಸೇರಿಸಿ ತಟ್ಟೆಯಲ್ಲೇ ಬೆಳೆಸಲಾಯಿತು. ಮೂರು ಭ್ರೂಣಗಳು 19ನೇ ದಿನದವರೆಗೂ ಉಳಿದವು. ಹಂದಿಗಿಂತ ಕೋತಿಯಲ್ಲಿ ಮನುಷ್ಯ ಕೋಶಗಳು ಚೆನ್ನಾಗಿ ಒಗ್ಗಿದವು. ಸಂಬಂಧ ಹತ್ತಿರವಾದಷ್ಟೂ ಕಸಿ ಚೆನ್ನಾಗಿ ಹಿಡಿಯುತ್ತದೆ, ನೈತಿಕ ಹೊಣೆಯೂ ಅಷ್ಟೇ ಭಾರವಾಗುತ್ತದೆ. ಈ ಕ್ಷೇತ್ರದ ಮೂಲ ಬಿಕ್ಕಟ್ಟು ಇದೇ: ಪ್ರಾಣಿ ನಮ್ಮನ್ನು ಹೋಲಿದಷ್ಟೂ ನಮ್ಮ ರೋಗಕ್ಕೆ ಒಳ್ಳೆಯ ಮಾದರಿಯಾಗುತ್ತದೆ, ಹೋಲಿದಷ್ಟೂ ಅದನ್ನು ಮಾದರಿಯಾಗಿ ಬಳಸುವ ನಮ್ಮ ಹಕ್ಕು ಕುಗ್ಗುತ್ತದೆ.

ಇಡೀ ಕೆಲಸವೇ ಪ್ರಕೃತಿಗೆ ವಿರುದ್ಧ, ಜಾತಿಗಳ ಗಡಿಯನ್ನು ಮುಟ್ಟಬಾರದು ಎನ್ನುವವರಿದ್ದಾರೆ. ಆ ಗಡಿ ನಾವು ತಿಳಿದಷ್ಟು ಗಟ್ಟಿಯಲ್ಲ. ದಶಕಗಳ ಕಾಲ ಸಕ್ಕರೆಕಾಯಿಲೆಯವರು ಹಂದಿ ಮತ್ತು ದನದ ಇನ್ಸುಲಿನ್ನಿನಿಂದ ಬದುಕಿದ್ದಾರೆ. ಹಂದಿಯ ಹೃದಯಕವಾಟ ಹೊತ್ತು ಓಡಾಡುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ನರಸಿಂಹನಿಗೂ ಗಣಪತಿಗೂ ಕೈಮುಗಿಯುವ ನಾಡಿಗೆ ಬೆರೆತ ರೂಪವೆಂದರೆ ತಾನಾಗಿ ಹೇಸಿಗೆ ಹುಟ್ಟುವುದಿಲ್ಲ. ಹಾಗೆಂದು ಪುರಾಣವನ್ನು ಪ್ರಯೋಗಕ್ಕೆ ಪರವಾನಗಿಯಾಗಿ ಬಳಸುವುದೂ ತಪ್ಪು. ನಾವು ಪೂಜಿಸುವ ಆ ರೂಪಗಳು ಯಾರ ಉಪಕರಣವೂ ಅಲ್ಲ. ಪ್ರಯೋಗಾಲಯದ ಕಿಮೆರಾ ಹುಟ್ಟುವುದೇ ಉಪಕರಣವಾಗಿ. ಬೆರಕೆಯಲ್ಲಿ ಕೇಡಿಲ್ಲ, ಬೆರೆತು ಹುಟ್ಟಿದ ಜೀವವನ್ನು ವಸ್ತುವೆಂದು ಬಗೆಯುವುದರಲ್ಲಿ ಇದೆ. ಮನುಷ್ಯ ಘನತೆಗೆ ಕುಂದು ಎಂಬ ಎರಡನೇ ಆಕ್ಷೇಪವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಹಂದಿಯ ಹೊಟ್ಟೆಯಲ್ಲಿ ಮನುಷ್ಯನ ಮೂತ್ರಪಿಂಡ ಬೆಳೆದರೆ ನನ್ನ ಘನತೆ ಕುಗ್ಗುವುದಿಲ್ಲ. ಯೋಚಿಸಬಲ್ಲ, ಆದರೆ ಹೇಳಿಕೊಳ್ಳಲಾರದ ಜೀವವೊಂದನ್ನು ಪಂಜರದಲ್ಲಿಟ್ಟು ಅದರ ಪಾಡನ್ನು ಗಮನಿಸದಿದ್ದರೆ ನಿಜವಾಗಿ ಕುಗ್ಗುತ್ತದೆ.

ಇನ್ನೊಂದು ದಿಕ್ಕಿನಿಂದ ಬರುವ ಆಕ್ಷೇಪ ಹೆಚ್ಚು ತೂಕದ್ದು. ಅಮೆರಿಕ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಅಂಗಾಂಗಕ್ಕಾಗಿ ಕಾಯುತ್ತಿದ್ದಾರೆ. ನಮ್ಮಲ್ಲಿಯೂ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಕೊಠಡಿಯ ಬಾಗಿಲಲ್ಲಿ ಕಾದು ಕೂರುವವರ ಸಾಲು ಸಣ್ಣದಲ್ಲ. ಅವರ ಮುಂದೆ ಹಂದಿಯ ಅನುಭವದ ಮಾತಾಡುವುದು ಕ್ರೂರವಲ್ಲವೇ? ಅಲ್ಲ. ನನ್ನ ವಾದ ಅಂಗಾಂಗದ ದಾರಿಯನ್ನು ಮುಚ್ಚುವುದಿಲ್ಲ, ಅದನ್ನು ಸುರಕ್ಷಿತವಾಗಿಸುತ್ತದೆ. ಮಿದುಳಿಗಾಗಲಿ ಸಂತಾನಕೋಶಕ್ಕಾಗಲಿ ಹೋಗದಂತೆ ಜೀನ್ ಬದಲಿಸಿದ ಕೋಶಗಳನ್ನು ರೂಪಿಸುವ ಪ್ರಯತ್ನಗಳು ನಡೆದಿವೆ; ಅಂಥ ತಡೆ ಇರುವಲ್ಲಿ ಕೆಲಸ ಮುಂದುವರಿಯಲಿ. ಮಾಂಸಕ್ಕಾಗಿ ದಿನವೂ ಹಂದಿ ಕಡಿಯುವ ಜಗತ್ತಿನಲ್ಲಿ ಪ್ರಯೋಗಾಲಯದ ಹಂದಿಗೆ ಮಾತ್ರ ಈ ಕಾಳಜಿ ಏಕೆ ಎಂದೂ ಕೇಳುತ್ತಾರೆ. ಒಂದು ಕಡೆಯ ಅಲಕ್ಷ್ಯ ಇನ್ನೊಂದು ಕಡೆಯ ಅಲಕ್ಷ್ಯಕ್ಕೆ ಸಮರ್ಥನೆಯಾಗದು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ನಾವು ಇರುವ ಪ್ರಾಣಿಯನ್ನು ಬಳಸುತ್ತಿಲ್ಲ, ಅದರ ಅನುಭವಿಸುವ ಶಕ್ತಿಯನ್ನೇ ಬದಲಿಸುತ್ತಿದ್ದೇವೆ. ಒಂದು ಜೀವದ ಅರಿವನ್ನು ಹಿಗ್ಗಿಸಿದವರು ಆ ಅರಿವಿಗೆ ತಕ್ಕ ಹೊಣೆಯನ್ನೂ ಹೊರಬೇಕು.

ನಿಯಮಗಳು ಇಲ್ಲದೇ ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ಎಳೆಯ ಪ್ರಾಣಿಭ್ರೂಣಕ್ಕೆ ಮನುಷ್ಯ ಆಕರಕೋಶ ಸೇರಿಸುವ ಕೆಲಸಕ್ಕೆ ಧನಸಹಾಯ ತಡೆಹಿಡಿಯಿತು; ಜಪಾನ್ 2019ರಲ್ಲಿ ಹದಿನಾಲ್ಕು ದಿನಗಳ ಮಿತಿಯನ್ನು ಸಡಿಲಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಆಕರಕೋಶ ಮಾರ್ಗಸೂಚಿ, ಸಂತಾನಕೋಶಗಳಲ್ಲಿ ಮನುಷ್ಯ ಕೋಶ ಸೇರಿರಬಹುದಾದ ಪ್ರಾಣಿಗಳಿಂದ ಮರಿ ಪಡೆಯುವುದನ್ನು ನಿಷೇಧಿಸಿದೆ. ಒಬ್ಬರು ಬಾಗಿಲು ಮುಚ್ಚಿದಾಗ ಇನ್ನೊಬ್ಬರು ತೆರೆಯುತ್ತಾರೆ, ತಂಡಗಳು ಗಡಿ ದಾಟುತ್ತವೆ. ಆದ್ದರಿಂದ ದಿನಗಳ ಎಣಿಕೆಗಿಂತ ಬಾಳುವ ಕಟ್ಟಳೆ ಬೇಕು. ಮಿದುಳನ್ನು ಮುಟ್ಟುವ ಪ್ರತಿ ಪ್ರಯೋಗದಲ್ಲೂ ಯಾವ ಲಕ್ಷಣ ಕಂಡರೆ ನಿಲ್ಲಿಸುತ್ತೇವೆಂದು ಮೊದಲೇ ಬರೆದಿಡಬೇಕು. ಪ್ರಾಣಿಗಳ ನಡವಳಿಕೆ ಬಲ್ಲವರು ಒಪ್ಪಿಗೆ ಕೊಡುವ ಸಮಿತಿಯಲ್ಲಿ ಕೂರಬೇಕು. ನಿಲ್ಲಿಸಿದ ಪ್ರಯೋಗದ ವಿವರವೂ ಗೆದ್ದ ಪ್ರಯೋಗದಂತೆಯೇ ಪ್ರಕಟವಾಗಬೇಕು. 1988ರ ಆ ಕೋಳಿಮರಿ ತನ್ನೊಳಗೆ ಏನಾಗಿದೆಯೆಂದು ಕೂಗಿ ಹೇಳಿತು. ಮುಂದೆ ಹುಟ್ಟುವ ಜೀವಕ್ಕೆ ಕೂಗಿ ಹೇಳುವ ದಾರಿ ಇರಲಿಕ್ಕಿಲ್ಲ. ಕಸಿ ಕಟ್ಟಿದ ಕೈಗಳೇ ಅದರ ಬಳಿ ಕೂತು, ಕಾದು, ಗಮನಿಸಬೇಕು.